ಹುಳದ ಮನೆಯ ಹಪ್ಪಳ

“ಇಳೀತಾ ಇದೆ ನೋಡು, ಹೆಂಗೆ ಇಳೀತಾ ಇದೆ. ಇದು ಸೋರೋದಲ್ದೆ ಇನ್ನೇನು?”

ನಾನು ಸ್ಟೂಲಿನ ಮೇಲೆ ನಿಂತು ಗಾಜು ಒರೆಸುತ್ತಿದ್ದೆ. ಕೆಳಗೆ ಮನೆಯ ಯಜಮಾನರು ಮಂಕಿ ಕ್ಯಾಪು ಹಾಕಿಕೊಂಡು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮಾಲೂರಿನಲ್ಲಿ ಹೊಸದಾಗಿ ಕಟ್ಟಿದ ಮನೆ. ಅವರು ರಿಟೈರಾದ ಹೆಡ್ ಮೇಷ್ಟ್ರು. ಎರಡು ತಿಂಗಳ ಹಿಂದೆ ಆ ಮನೆಗೆ ಅಲ್ಯೂಮಿನಿಯಂ ಕಿಟಕಿ ಹಾಕಿದವನು ನಾನೇ. ಚಳಿ ಶುರುವಾದ ಮೇಲೆ ಕಿಟಕಿ ಸೋರುತ್ತಿದೆ ಅಂತ ನಾಲ್ಕು ಸಲ ಫೋನು ಮಾಡಿದ್ದರು.

ಒರೆಸಿದೆ. ಎರಡು ನಿಮಿಷ ಗಾಜು ಒಣಗಿತ್ತು. ಆಮೇಲೆ ಮತ್ತೆ ಹನಿ ಕಟ್ಟಿತು.

“ಸಾರ್, ಇದು ಹೊರಗಿನ ನೀರಲ್ಲ, ಒಳಗಿಂದು. ನಿಮ್ಮ ಉಸಿರು, ನಿಮ್ಮ ಅಡುಗೆ ಹಬೆ, ಅಲ್ಲಿ ಕುರ್ಚಿ ಮೇಲೆ ಒಣಗಾಕಿದೀರಲ್ಲ ಆ ಬಟ್ಟೆ. ಎಲ್ಲ ಹೋಗೋಕೆ ದಾರಿ ಇಲ್ದೆ ಗಾಜಿಗೆ ಬಂದು ಕೂತ್ಕೊಳ್ತದೆ” ಅಂದೆ.

“ನನ್ನ ಉಸಿರಾ? ಮೂವತ್ತೈದು ವರ್ಷ ಪಾಠ ಮಾಡಿದೀನಿ ಕಣಯ್ಯ. ಯಾವ ಸ್ಕೂಲಿನ ಗೋಡೆನೂ ನೆಂದಿಲ್ಲ.”

ಕಿಟಕಿಯ ಮೇಲ್ಭಾಗದಲ್ಲಿ ನಾನು ಗಾಳಿಗೆ ಅಂತ ಬಿಟ್ಟಿದ್ದ ಜಾಲರಿಗೆ ಅವರು ಚಳಿ ಬರುತ್ತದೆ ಅಂತ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಒಂದು ಪದರ ಅಲ್ಲ, ಮೂರು. ಅದನ್ನು ತೋರಿಸಿ ಇನ್ನೇನೋ ಹೇಳಬೇಕು ಅನ್ನುವಷ್ಟರಲ್ಲಿ ಅವರ ಹೆಂಡತಿ ಅಡುಗೆಮನೆಯಿಂದ ಕರೆದರು. “ಮೊದ್ಲು ಉಣ್ಣಪ್ಪಾ, ಆಮೇಲೆ ಇಬ್ರೂ ಜಗಳ ಆಡಿ.”

ಮುದ್ದೆ, ಅವರೆಕಾಳಿನ ಸಾರು, ತಟ್ಟೆಯ ಅಂಚಿನಲ್ಲಿ ಒಂದು ಹಪ್ಪಳ. ಹಪ್ಪಳದ ತುದಿ ಹಿಡಿದು ಎತ್ತಿದೆ. ಮುರಿಯಲಿಲ್ಲ. ಒದ್ದೆ ಟವೆಲ್ಲಿನ ಹಾಗೆ ಬಾಗಿ ಜೋತುಬಿತ್ತು. ತಿನ್ನದೆ ಅದನ್ನೇ ಹಿಡಿದುಕೊಂಡು ಕೂತೆ.

“ಯಾಕಪ್ಪಾ, ಬೆಳಗ್ಗೆ ತಾನೆ ಕರಿದಿದ್ದು” ಅಂದರು ಆ ಅಮ್ಮ.

“ಹಪ್ಪಳದಲ್ಲಿ ತಪ್ಪಿಲ್ಲ ಅಮ್ಮ” ಅಂದೆ. ಅಂದ ಮೇಲೆ ಗೊತ್ತಾಯಿತು, ಆ ಮಾತು ನನ್ನದಲ್ಲ. ಏಳು ವರ್ಷದ ಹಿಂದೆ ಅದನ್ನು ನನ್ನ ಮುಖದ ಮೇಲೆ ಹೇಳಿದವಳು ಬೇರೆ...

ನಮ್ಮೂರು ಹುತ್ತೂರಿನ ಪಕ್ಕ. ನಮ್ಮ ಮನೆಯ ಎದುರಿಗೆ ಅವಳ ಮನೆ. ಅವಳನ್ನು ದೊಡ್ಡಮ್ಮ ಅಂತ ಕರೆಯುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ, ಮಧ್ಯದಲ್ಲಿ ಎಂಟಡಿ ಬೀದಿ ಇತ್ತು, ಅಷ್ಟೇ ಸಂಬಂಧ. ಅವಳ ತವರು ಆಂಧ್ರ ಗಡಿಯ ನಂಗಲಿ, ಹಾಗಾಗಿ ಕೋಪ ಬಂದರೆ ತೆಲುಗು, ಇಳಿದರೆ ಕನ್ನಡ. ಒಳಗಿನಿಂದ ಯಾವ ಭಾಷೆ ಕೇಳಿಸುತ್ತಿದೆ ಅಂತ ನೋಡಿಕೊಂಡೇ ನಾವು ಅವಳ ಮನೆ ಬಾಗಿಲಿಗೆ ಹೋಗುತ್ತಿದ್ದೆವು.

ಅವಳು ರೇಷ್ಮೆ ಹುಳ ಸಾಕುತ್ತಿದ್ದಳು. ಹುಳಕ್ಕೆ ಅಂತ ಬೇರೆ ಮನೆ ಇರಲಿಲ್ಲ. ಇದ್ದ ಮನೆಯಲ್ಲೇ ದೊಡ್ಡ ಹಜಾರ ಹುಳಕ್ಕೆ, ಒಂದು ಸಣ್ಣ ಕೋಣೆ ಮತ್ತು ಅಡುಗೆಮನೆ ಮನುಷ್ಯರಿಗೆ. ನೆಂಟರು ಬಂದರೆ ಜಗಲಿ. ಕಾಲು ತೊಳೆಯದೆ ಹಜಾರಕ್ಕೆ ಕಾಲಿಟ್ಟರೆ ನೆಂಟಸ್ತನ ಅಲ್ಲಿಗೆ ಮುಗಿಯಿತು. ಅವಳ ಸ್ವಂತ ತಮ್ಮ ಒಂದು ಸಲ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿ ಮೂರು ವರ್ಷ ಆ ಕಡೆ ಬಂದಿರಲಿಲ್ಲ.

ಹಜಾರದಲ್ಲಿ ತೇವ ಎಷ್ಟಿದೆ ಅಂತ ನೋಡಲು ಅವಳ ಹತ್ತಿರ ಒಂದು ಹಪ್ಪಳ ಇರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಬೇಸಿಗೆಯಲ್ಲಿ ಹಪ್ಪಳ ಒತ್ತುವಾಗಲೇ ಪ್ರತಿಯೊಂದರ ಅಂಚಿಗೂ ಕಡ್ಡಿಯಿಂದ ಒಂದು ತೂತು ಮಾಡಿ ಒಣಗಿಸಿ ಡಬ್ಬಕ್ಕೆ ತುಂಬುತ್ತಿದ್ದಳು. ಹುಳ ಇರುವಾಗ ದಿನಾ ಬೆಳಗ್ಗೆ ಒಂದನ್ನು ಕೆಂಡದ ಮೇಲೆ ಸುಟ್ಟು, ತೂತಿಗೆ ದಾರ ಕಟ್ಟಿ, ಹಜಾರದ ಮಧ್ಯದ ತೊಲೆಯಿಂದ ತೂಗುಬಿಡುತ್ತಿದ್ದಳು. ಸಂಜೆ ಹೋಗಿ ಮುರಿಯುತ್ತಿದ್ದಳು. ಟಕ್ ಅಂದರೆ ಗಾಳಿ ಸರಿಯಿದೆ. ಬಾಗಿದರೆ ತೇವ ಜಾಸ್ತಿ. ಸಂಜೆ ಇನ್ನೊಂದು ಕಟ್ಟಿ ಬೆಳಗ್ಗೆ ಮುರಿಯುತ್ತಿದ್ದಳು. ಟಕ್ ಅಂದದ್ದು ದೊಡ್ಡಪ್ಪನ ತಟ್ಟೆಗೆ ಹೋಗುತ್ತಿತ್ತು, ಬಾಗಿದ್ದು ಹಸುವಿಗೆ.

ರೇಷ್ಮೆ ಆಫೀಸಿನವರು ಅವಳಿಗೆ ತೇವ ನೋಡುವ ಮೀಟರು ಕೊಟ್ಟಿದ್ದರು. ಅದನ್ನು ದೇವರ ಪಟದ ಪಕ್ಕ ಮೊಳೆಗೆ ಹಾಕಿದ್ದಳು. ಸಾಹೇಬರು ಬರುವ ದಿನ ಧೂಳು ಒರೆಸುತ್ತಿದ್ದಳು, ಹಬ್ಬದ ದಿನ ಅದಕ್ಕೂ ಕುಂಕುಮ ಇಡುತ್ತಿದ್ದಳು. ಒಂದು ಸಲ ನಾನು ಕೇಳಿದೆ, ಮೀಟರು ಇದ್ದೂ ಹಪ್ಪಳ ಯಾಕೆ ಅಂತ.

“ಮೀಟ್ರನ್ನ ತಿನ್ನೋಕಾಗ್ತದೇನ್ಲಾ?” ಅಂದಳು.

ದೊಡ್ಡಪ್ಪ ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಬೆಳಗ್ಗೆ ಸಂಜೆ ಹಾಲು ಅಳೆಸುವುದು ಅವರ ಕೆಲಸ. ಬಿಳಿ ಪಂಚೆ, ಬಿಳಿ ಅಂಗಿ, ಎರಡಕ್ಕೂ ನೀಲಿ. ಪಂಚೆಯ ಮೇಲೆ ಒಂದು ಕಲೆ ಕಂಡರೆ ಬದಲಾಯಿಸಿ ಬರುತ್ತಿದ್ದರು. ಮಾತು ಕಮ್ಮಿ. ಮನೆಯಲ್ಲಿ ಮಾತಿನ ಪಾಲೆಲ್ಲ ದೊಡ್ಡಮ್ಮನಿಗೆ ಬಿಟ್ಟುಕೊಟ್ಟಿದ್ದರು.

ನಾನು ಒಂಬತ್ತನೇ ಕ್ಲಾಸು ಎರಡು ಸಲ ಫೇಲಾಗಿ ಕೋಲಾರದ ಒಂದು ಅಲ್ಯೂಮಿನಿಯಂ ಅಂಗಡಿಗೆ ಸೇರಿದ್ದೆ. ನಾಲ್ಕು ವರ್ಷ ಕೆಲಸ ಕಲಿತೆ. ಹತ್ತೊಂಬತ್ತಕ್ಕೆ ಸ್ವಂತವಾಗಿ ಕೆಲಸ ಹಿಡಿಯೋಣ ಅಂತ ಊರಿಗೆ ಬಂದೆ. ಕೈಯಲ್ಲಿ ಡ್ರಿಲ್ ಮಿಷಿನ್ ಇತ್ತು, ಕೆಲಸ ಇರಲಿಲ್ಲ. ಮೊದಲ ಕೆಲಸ ಕೊಟ್ಟವಳು ದೊಡ್ಡಮ್ಮ.

ಅವಳ ಹಜಾರಕ್ಕೆ ಎದುರು ಬದುರು ನಾಲ್ಕು ಹಳೆಯ ಮರದ ಕಿಟಕಿ ಇದ್ದವು. ಒಂದೊಂದರ ಬಿರುಕಿನಲ್ಲಿ ಬೆರಳು ತೂರುತ್ತಿತ್ತು. ಆ ಬಿರುಕಿನಿಂದ ಇರುವೆ ಬರುತ್ತಿತ್ತು, ಇಲಿ ಬರುತ್ತಿತ್ತು, ಹುಳದ ಮೈಮೇಲೆ ಮೊಟ್ಟೆ ಇಟ್ಟು ಹುಳ ಸಾಯಿಸುವ ಊಜಿ ನೊಣವೂ ಬರುತ್ತಿತ್ತು. ಹಿಂದಿನ ಬೆಳೆಯಲ್ಲಿ ಊಜಿ ಬಹಳ ತಿಂದಿತ್ತು.

“ಏನೂ ಬರಬಾರ್ದು, ಅಂಥ ಕಿಟಕಿ ಹಾಕ್ತೀಯಾ?” ಅಂತ ಕೇಳಿದಳು.

“ಇರುವೆ ಅಲ್ಲ ದೊಡ್ಡಮ್ಮ, ಗಾಳಿನೂ ಬರಲ್ಲ. ಹಂಗೆ ಹಾಕ್ತೀನಿ” ಅಂದೆ.

ಹಾಗೇ ಹಾಕಿದೆ. ಹುಳ ಇಲ್ಲದ ಹದಿನೈದು ದಿನದಲ್ಲಿ ಮರದ ಚೌಕಟ್ಟು ಕಿತ್ತು, ಜಾರುವ ಗಾಜಿನ ಬಾಗಿಲು ಕೂರಿಸಿ, ಸುತ್ತಲೂ ಅಂಟು ತುಂಬಿದೆ. ಒಂದು ಕೂದಲೆಳೆ ತೂರಲಿಕ್ಕೂ ಜಾಗ ಬಿಡಲಿಲ್ಲ. ಊರಿನಲ್ಲಿ ಹುಳ ಸಾಕುವ ಇನ್ನೂ ನಾಲ್ಕು ಮನೆಯವರು ಬಂದು ನೋಡಿದರು. ತಳ್ಳಿ ನೋಡಿದರು, ತಟ್ಟಿ ನೋಡಿದರು. ದೊಡ್ಡಮ್ಮನ ಈ ಬೆಳೆ ಆಗಲಿ, ಆಮೇಲೆ ನಾವೂ ಹಾಕಿಸುತ್ತೇವೆ ಅಂದರು. ಅಂದರೆ ನನ್ನ ಮುಂದಿನ ಕೆಲಸವೆಲ್ಲ ಈಗ ಅವಳ ಹುಳದ ಕೈಯಲ್ಲಿತ್ತು. ಹುಳಕ್ಕೆ ಕೈ ಇಲ್ಲ, ಆದರೂ.

ಹುಳ ಬಂದವು. ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ಏನೋ ಎದ್ದು ನಮ್ಮಲ್ಲಿ ಜಡಿ ಹಿಡಿಯಿತು. ನಮ್ಮ ಕಡೆ ಚಳಿಗಾಲದ ಮಳೆ ಅಂದರೆ ಅದು. ಜೋರಾಗಿ ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ಸೂರ್ಯ ಇಲ್ಲ. ಬೀದಿ ನಾಯಿಗಳೂ ಒದ್ದೆ, ಬೆಂಕಿಪೊಟ್ಟಣವೂ ಒದ್ದೆ. ಹುಳಕ್ಕೆ ಚಳಿ ಆಗಬಾರದು ಅಂತ ದೊಡ್ಡಮ್ಮ ಕಿಟಕಿ ಎಲ್ಲ ಮುಚ್ಚಿ ಹಜಾರದಲ್ಲಿ ಇದ್ದಲು ಒಲೆ ಇಟ್ಟಳು.

ಮೂರನೇ ದಿನ ಬೆಳಗ್ಗೆ ಎದುರು ಮನೆಯಿಂದ ತೆಲುಗು ಕೇಳಿಸಿತು. ಅದರ ಮಧ್ಯದಲ್ಲಿ ನನ್ನ ಹೆಸರು.

ಹೋದೆ. ಕಾಲು ತೊಳೆದು ಒಳಗೆ ಹೋದೆ. ನಾಲ್ಕೂ ಕಿಟಕಿಯ ಗಾಜಿನ ಮೇಲೆ ನೀರು. ಹನಿ ಹನಿ ಸೇರಿ ಗೆರೆಯಾಗಿ ಇಳಿದು ಗೋಡೆಯ ಸುಣ್ಣ ಅಂಗೈ ಅಗಲ ನೆಂದಿತ್ತು. ದೊಡ್ಡಮ್ಮ ತೊಲೆಯ ಕೆಳಗೆ ನಿಂತು ಹಪ್ಪಳವನ್ನು ಎರಡಾಗಿ ಮಡಚಿದಳು. ಆಮೇಲೆ ನಾಲ್ಕಾಗಿ ಮಡಚಿದಳು. ಚೀಟಿಯ ಹಾಗೆ ಮಡಚಿ ನನ್ನ ಕೈಗೆ ಕೊಟ್ಟಳು.

“ಏಮಿರಾ ಇದಿ?”

“ಹಪ್ಪಳ ಹಳೇದೇನೋ ದೊಡ್ಡಮ್ಮ.”

“ಹಪ್ಪಳದಲ್ಲಿ ತಪ್ಪಿಲ್ಲ. ತಪ್ಪು ನಿನ್ನಲ್ಲಿದೆ, ನಿನ್ನ ಕಿಟಕಿಲಿದೆ. ಸೋರ್ತಾ ಇದೆ.”

ನನ್ನ ಕಿಟಕಿ ಸೋರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದನ್ನೇ ಹೇಳಿದೆ. ಆಗ ಅವಳು ತೆಲುಗನ್ನೂ ಬಿಟ್ಟು ಸುಮ್ಮನಾದಳು. ಅದು ಇನ್ನೂ ಕೆಟ್ಟದ್ದು. ಸ್ಟ್ಯಾಂಡಿನಿಂದ ಹುಳದ ಒಂದು ತಟ್ಟೆ ಎಳೆದು ತೋರಿಸಿದಳು. ಸೊಪ್ಪಿನ ಮೇಲೆ ಮೂರು ಹುಳ ಅಲುಗದೆ ಬಿದ್ದಿದ್ದವು. ಒಂದನ್ನು ಕಡ್ಡಿಯಿಂದ ಮುಟ್ಟಿದಳು. ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಸೆಟೆದುಕೊಂಡಿತ್ತು.

ಅದಕ್ಕೆ ಸುಣ್ಣಕಟ್ಟು ಅನ್ನುತ್ತಾರೆ. ತೇವವೂ ಚಳಿಯೂ ಸೇರಿದರೆ ಬರುವ ರೋಗ. ಒಂದು ಹುಳದಿಂದ ಒಂದು ತಟ್ಟೆಗೆ, ಒಂದು ತಟ್ಟೆಯಿಂದ ಇಡೀ ಹಜಾರಕ್ಕೆ ಹರಡುತ್ತದೆ. ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನು ಐದಾರು ದಿನ ಬಾಕಿ ಇತ್ತು. ಅಷ್ಟರಲ್ಲಿ ಹಜಾರ ಒಣಗಬೇಕು. ಒಣಗದಿದ್ದರೆ ಅವಳ ಬೆಳೆ ಇಲ್ಲ. ಅವಳ ಬೆಳೆ ಇಲ್ಲದಿದ್ದರೆ ಊರಿನಲ್ಲಿ ನಾನೂ ಇಲ್ಲ.

ದೊಡ್ಡಮ್ಮ ಆ ಮೂರು ಹುಳ ಸುಟ್ಟಳು. ತಟ್ಟೆಗಳ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿದಳು. ತೋಟದಿಂದ ತಂದ ಸೊಪ್ಪು ಒದ್ದೆ ಇದ್ದರೆ ಹುಳಕ್ಕೆ ಹಾಕುವ ಹಾಗಿಲ್ಲ, ಜಗಲಿಯಲ್ಲಿ ಹರಡಿ ಒದರಿ ಒದರಿ ನೀರು ಆರಿಸಿ ಹಾಕಿದಳು. ಸಂಜೆಯ ಹಪ್ಪಳವೂ ಬಾಗಿತು. ಮರುದಿನ ಬೆಳಗಿನದೂ ಬಾಗಿತು. ಹಸು ಹಪ್ಪಳ ತಿಂದು ತಿಂದು ಹುಲ್ಲು ಹಾಕಿದರೆ ನಮ್ಮ ಮುಖ ನೋಡುವಷ್ಟಕ್ಕೆ ಬಂತು.

ದೊಡ್ಡಪ್ಪ ಊಟಕ್ಕೆ ಕೂತು ತಟ್ಟೆ ನೋಡಿ ಕೇಳಿದರಂತೆ, “ಇವತ್ತೂ ಹಪ್ಪಳ ಇಲ್ವಾ?”

“ಅವನ್ನ ಕೇಳಿ, ಎದುರುಮನೆ ಇಂಜಿನಿಯರ್‌ನ” ಅಂದಳಂತೆ.

ಇದನ್ನು ನಮ್ಮಮ್ಮ ಬೀದಿಯ ಈ ಕಡೆಯಿಂದ ಕೇಳಿಸಿಕೊಂಡು ನನಗೆ ಹೇಳಿದಳು. ನನ್ನ ಕಿಟಕಿ ಸೋರುವುದಿಲ್ಲ ಅಂತ ತೋರಿಸಲೇಬೇಕು ಅಂತ ತೀರ್ಮಾನ ಮಾಡಿದೆ. ಒಂದು ಉಪಾಯ ಗೊತ್ತಿತ್ತು. ಒಳಗಡೆಯಿಂದ ಚೌಕಟ್ಟಿನ ಸಂದಿಗೂ ಗಾಜಿನ ಕೆಳಗಿನ ಅಂಚಿಗೂ ಪೇಪರ್ ಚೂರು ಅಂಟಿಸುವುದು. ಅಂಟು ತುಂಬಿದ ಸಂದಿಯಲ್ಲಿ ಮೊದಲು ನೆಂದರೆ ಮಳೆ ನೀರು, ಗಾಜಿನ ಮೇಲಿನಿಂದ ಇಳಿದು ನೆಂದರೆ ಒಳಗಿನ ನೀರು. ಮಧ್ಯಾಹ್ನ ದೊಡ್ಡಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಹೊತ್ತು ನೋಡಿ ಹೋದೆ. ಬಾಗಿಲು ಮುಂದಕ್ಕೆ ಹಾಕಿತ್ತು. ತಳ್ಳಿದೆ.

ಹಜಾರದ ತುಂಬ ಪಂಚೆ.

ತಟ್ಟೆಗಳ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಗ್ಗ ಕಟ್ಟಿ ಆರು ಬಿಳಿ ಪಂಚೆ, ಮೂರು ಅಂಗಿ, ಎರಡು ಟವೆಲ್ಲು ಹರಡಿದ್ದವು. ಮದುವೆ ಚಪ್ಪರ ನೋಡಿದ ಹಾಗಿತ್ತು. ಕೆಳಗೆ ಇದ್ದಲು ಒಲೆ. ಪಂಚೆಗಳಿಂದ ಹಬೆ ಏಳುತ್ತಿತ್ತು. ಏಳನೆಯ ಪಂಚೆ ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು ದೊಡ್ಡಪ್ಪ. ಸ್ಟೂಲು ನನ್ನದೇ, ಕಿಟಕಿ ಹಾಕುವಾಗ ಬಿಟ್ಟು ಹೋಗಿದ್ದೆ.

ಹುಳ ಸೊಪ್ಪು ಮೇಯುವ ಶಬ್ದ ಮಾತ್ರ, ಸಣ್ಣ ಮಳೆಯ ಹಾಗೆ...

“ನೀನೇನೂ ನೋಡಿಲ್ಲ ಕಣೋ” ಅಂದರು ದೊಡ್ಡಪ್ಪ.

“ನೋಡ್ದೆ ದೊಡ್ಡಪ್ಪ.”

“ನೋಡಿಲ್ಲ ಅಂದ್ರೆ ನೋಡಿಲ್ಲ.”

“ಆರು ಪಂಚೆ ನೋಡ್ದೆ. ಕೈಲಿರೋದು ಏಳು.”

ಅವರು ಸ್ಟೂಲಿನಿಂದ ಇಳಿದರು. ನಿಧಾನಕ್ಕೆ ಹೇಳಿದರು. ಡೇರಿಗೆ ನೂರು ಜನ ಬರುತ್ತಾರೆ. ಸೆಕ್ರೆಟರಿಯ ಪಂಚೆ ಮಾಸಿದ್ದರೆ ಹಾಲಿನ ಕ್ಯಾನೂ ಮಾಸಿದೆ ಅಂದುಕೊಳ್ಳುತ್ತಾರೆ. ಜಡಿ ಹಿಡಿದರೆ ಊರಲ್ಲಿ ಬಟ್ಟೆ ಒಣಗುವ ಬೆಚ್ಚಗಿನ ಜಾಗ ಅಂದರೆ ಈ ಹಜಾರ ಒಂದೇ. ಅವಳು ತೋಟಕ್ಕೆ ಹೋದಾಗ ಹಾಕುವುದು, ಬರುವ ಮುಂಚೆ ತೆಗೆಯುವುದು. ಇವತ್ತು ನಿನ್ನೆಯದಲ್ಲ, ಇಪ್ಪತ್ತು ವರ್ಷದಿಂದ ನಡೆಯುತ್ತಿದೆ.

ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಒಳಗೊಳಗೆ ಖುಷಿ. ಕಿಟಕಿಯದು ತಪ್ಪಿಲ್ಲ, ಪಂಚೆಯದು ತಪ್ಪು. ಈಗಲೇ ತೋಟಕ್ಕೆ ಓಡಿಹೋಗಿ ಹೇಳಬಹುದಿತ್ತು. ಆದರೆ ಆ ಮನುಷ್ಯ ಒದ್ದೆ ಪಂಚೆಯನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತಿದ್ದರು. ಒಂದು ಒಪ್ಪಂದಕ್ಕೆ ಬಂದೆವು. ಅವರು ಪಂಚೆ ಹಾಕುವುದು ನಿಲ್ಲಿಸಬೇಕು, ನಾನು ಬಾಯಿ ಮುಚ್ಚಿಕೊಂಡಿರಬೇಕು. ಒದ್ದೆ ಬಟ್ಟೆ ನಮ್ಮ ಮನೆಯ ಒಲೆಯ ಮೇಲೆ ಒಣಗಬೇಕು.

ಆ ಸಂಜೆ ಏಳು ಪಂಚೆ ನಮ್ಮ ಅಡುಗೆಮನೆಗೆ ಬಂದವು. ನಮ್ಮಮ್ಮ ಏನು ಅಂದಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಗ್ಗೆ ನಾನೇ ಮೊದಲು ಹೋಗಿ ತೊಲೆಯ ಕೆಳಗೆ ನಿಂತೆ. ದೊಡ್ಡಮ್ಮ ಹಪ್ಪಳ ಹಿಡಿದಳು. ಬಾಗಿತು. ಮೊದಲಿನಷ್ಟು ಅಲ್ಲ, ಆದರೂ ಬಾಗಿತು. ಗಾಜಿನ ಮೇಲೆ ನೀರು ಹಾಗೇ ಇತ್ತು. ಇನ್ನೊಂದು ತಟ್ಟೆಯಲ್ಲಿ ಐದು ಬಿಳಿ ಹುಳ.

ಹಿಂದಿನ ದಿನ ಪಂಚೆಗಳ ಮಧ್ಯೆಯೇ ಅಂಟಿಸಿ ಬಂದಿದ್ದ ಪೇಪರ್ ಚೂರುಗಳನ್ನು ನೋಡಿದೆ. ಸಂದಿಯಲ್ಲಿ ಒಣಗಿತ್ತು. ಗಾಜಿನಿಂದ ಇಳಿದ ಕಡೆ ಮಾತ್ರ ನೆಂದಿತ್ತು. ಮಳೆ ಒಳಗೆ ಬಂದಿರಲಿಲ್ಲ. ಒಳಗಿನದು ಹೊರಗೆ ಹೋಗಿರಲಿಲ್ಲ. ಸಾವಿರಾರು ಹುಳದ ಉಸಿರು, ಬುಟ್ಟಿಗಟ್ಟಲೆ ಹಸಿ ಸೊಪ್ಪಿನ ತೇವ, ಎಲ್ಲವನ್ನೂ ನಾನು ಅಂಟು ಹಾಕಿ ಒಳಗೆ ಕೂಡಿಹಾಕಿದ್ದೆ. ಹಳೆಯ ಕಿಟಕಿಗೆ ಬಿರುಕು ಇತ್ತು. ಇಪ್ಪತ್ತು ವರ್ಷ ಪಂಚೆ ಹಾಕಿದರೂ ಹುಳಕ್ಕೆ ಏನೂ ಆಗದೆ ಇದ್ದದ್ದು ಆ ಬಿರುಕಿನಿಂದ.

ಜಗಲಿಯಲ್ಲಿ ದೊಡ್ಡಪ್ಪ ಕೂತಿದ್ದರು. ನಮ್ಮ ಒಲೆಯ ಹೊಗೆಗೆ ಅವರ ಪಂಚೆ ಟೀ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, “ನಾನು ನಿಲ್ಲಿಸಿದೆನಲ್ಲಪ್ಪಾ. ಈಗ ಯಾರ ತಪ್ಪು?”

ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ನಾನು ಸುತ್ತಿ ಬಳಸಿ ಹೇಳಲಿಲ್ಲ. “ಕಿಟಕಿ ಜಾಸ್ತಿ ಬಿಗಿಯಾಯ್ತು ದೊಡ್ಡಮ್ಮ. ತಪ್ಪು ನಂದೇ” ಅಂದೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು “ಸ್ವಲ್ಪ ಪಂಚೆದೂ ಇದೆ” ಅಂದರು.

ದೊಡ್ಡಮ್ಮ ಸೊಪ್ಪು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

“ಪಂಚೆದು ನಂಗೆ ಇಪ್ಪತ್ತು ವರ್ಷದಿಂದ ಗೊತ್ತು. ಅಷ್ಟು ಬೆಳ್ಳಗೆ ಒಗ್ಸಿ, ಹುಳದ ವಾಸ್ನೆ ಹೊತ್ಕೊಂಡು ಡೇರಿಗೆ ಹೋಗೋರು ಇವರೊಬ್ರೇ. ಹೋಗ್ಲಿ, ಕದ್ದು ಒಣಗಿಸ್ಕೊಳ್ಳೋದ್ರಲ್ಲಿ ಒಂದು ಸಂತೋಷ ಅಂತ ಬಿಟ್ಟಿದ್ದೆ.” ಆಮೇಲೆ ದೊಡ್ಡಪ್ಪನ ಪಂಚೆ ನೋಡಿದಳು. “ಇದೇನ್ರೀ ಬಣ್ಣ? ಕಾಫಿಲಿ ಅದ್ದಿದ್ರಾ?”

ಹಾಗೇ ನನ್ನ ಕಡೆ ತಿರುಗಿದಳು. “ಕೀಳು.”

“ಏನು?”

“ಗಾಜು. ಮೇಲಿಂದು ಕೀಳು. ಆ ಕಡೆ ಎರಡು, ಈ ಕಡೆ ಎರಡು. ಅಲ್ಲಿ ಸೊಳ್ಳೆಪರದೆ ಜಾಲರಿ ಹಾಕು. ಊಜಿ ಬರಬಾರ್ದು, ಉಸಿರು ಹೋಗ್ಬೇಕು.”

“ದೊಡ್ಡಮ್ಮ, ಗಾಜು ಹೊಸದು. ಇಪ್ಪತ್ತು ದಿನ ಆಗಿಲ್ಲ.”

“ಹುಳ ಹಳೇದಾ?”

ಕಿತ್ತೆ. ನನ್ನ ಮೊದಲ ಕೆಲಸವನ್ನು ನನ್ನ ಕೈಯಾರೆ ಕಿತ್ತೆ. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದೊಂದು ಅಡಿ ಗಾಜು ಕತ್ತರಿಸಿ ತೆಗೆದು ನೈಲಾನ್ ಜಾಲರಿ ಬಿಗಿದೆ. ಜಾಲರಿ ಕೋಲಾರದಿಂದ ತರಲು ಹೊತ್ತಿಲ್ಲ, ದೊಡ್ಡಮ್ಮ ತನ್ನ ಸೊಳ್ಳೆಪರದೆಯನ್ನೇ ಕತ್ತರಿಸಿ ಕೊಟ್ಟಳು. ಆ ನಾಲ್ಕು ಮನೆಯವರೂ ಬೀದಿಯಲ್ಲಿ ನಿಂತು ನೋಡಿದರು. ಒಬ್ಬ ಕೇಳಿದ, “ಏನ್ಲಾ, ಹಾಕಿದ್ದು ಒಂದು ಕೂಲಿ, ಕೀಳೋದು ಒಂದು ಕೂಲೀನಾ?” ನಾನು ಬಾಯಿ ತೆಗೆಯಲಿಲ್ಲ. ತುಟಿಯ ಮಧ್ಯೆ ಮೂರು ಸ್ಕ್ರೂ ಇದ್ದವು.

ದೊಡ್ಡಮ್ಮ ಒಲೆಯನ್ನು ಮಧ್ಯದಿಂದ ತೆಗೆದು ಬಾಗಿಲ ಪಕ್ಕದ ಮೂಲೆಗೆ ಇಟ್ಟಳು. ಚಳಿ ಇರಲಿ ಬಿಡಲಿ, ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ ಎಲ್ಲ ಕಿಟಕಿಯನ್ನೂ ಒಂದು ಗಂಟೆ ತೆರೆಸಿ, ಪರದೆಯ ಉಳಿದ ತುಂಡನ್ನು ಅಡ್ಡ ಕಟ್ಟಿದಳು. ಗಾಜಿನ ಮೇಲಿನ ನೀರು ಕೆಳಗಿಳಿಯುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಹೊರಗೆ ಹಿಂಡಬೇಕು. ಆ ಕೆಲಸ ನನಗೂ ದೊಡ್ಡಪ್ಪನಿಗೂ ಬಿತ್ತು. ಇಬ್ಬರೂ ಎರಡು ಕಡೆ ನಿಂತು ಒರೆಸುತ್ತಿದ್ದೆವು. ಆಗಾಗ ಅವರು ನನ್ನ ಕಡೆ ನೋಡಿ ನಕ್ಕಂತೆ ಮಾಡುತ್ತಿದ್ದರು.

ಸಂಜೆಯ ಹಪ್ಪಳ ಬಾಗಿತು, ಆದರೆ ಅರ್ಧ ಬಾಗಿ ಬಿರಿಯಿತು. ಬೆಳಗಿನದು ಮೆತ್ತಗೆ ಮುರಿಯಿತು. ಮರುದಿನ ಸಂಜೆ ದೊಡ್ಡಮ್ಮ ನಮ್ಮನ್ನೆಲ್ಲ ಸುಮ್ಮನಿರಿ ಅಂದಳು. ಕಿವಿಯ ಹತ್ತಿರ ಹಿಡಿದಳು.

ಟಕ್.

ಅವಳು ಅರ್ಧ ನನಗೆ ಕೊಟ್ಟಳು, ಅರ್ಧ ದೊಡ್ಡಪ್ಪನಿಗೆ. ಹಸು ಹೊರಗಡೆಯಿಂದ ಒಂದು ಸಲ ಕೂಗಿತು.

ಒಟ್ಟು ಎರಡು ತಟ್ಟೆ ಹುಳ ಹೋದವು. ಉಳಿದದ್ದು ಹಣ್ಣಾಯಿತು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ನಾನೂ ಕೂತೆ. ಕಾಲು ತೊಳೆದೇ ಕೂತೆ. ಬೆಳಕಿಗೆ ಹಿಡಿದರೆ ಹಳದಿಯಾಗಿ ಹೊಳೆಯುವ ಹುಳ. ದೊಡ್ಡಮ್ಮ ಆ ನಾಲ್ಕು ಮನೆಯವರಿಗೆ ಹೇಳುತ್ತಿದ್ದಳು, “ಕಿಟಕಿ ಪರ್ವಾಗಿಲ್ಲ ಕಣ್ರೋ, ಹಾಕಿಸ್ಕೊಳ್ಳಿ. ಹುಡುಗನಿಗೆ ಸ್ವಲ್ಪ ಬುದ್ಧಿ ಕಮ್ಮಿ. ಪಕ್ಕದಲ್ಲಿ ನಿಂತ್ಕೊಂಡು ಮಾಡಿಸ್ಕೊಬೇಕು.”

ನಾಲ್ಕೂ ಮನೆಯವರು ಹಾಕಿಸಿದರು. ಪಕ್ಕದಲ್ಲಿ ನಿಂತುಕೊಂಡೇ ಹಾಕಿಸಿದರು. ಅವತ್ತಿನಿಂದ ನಾನು ಹಾಕುವ ಪ್ರತಿ ಕಿಟಕಿಯ ಮೇಲ್ಗಡೆ ಒಂದಡಿ ಜಾಲರಿ ಇರುತ್ತದೆ. ಮುಳಬಾಗಿಲಿನಲ್ಲಿ, ಶ್ರೀನಿವಾಸಪುರದಲ್ಲಿ, ಎಲ್ಲಿ ಹಾಕಿದರೂ. ಬೇಡ ಅಂದವರಿಗೆ ನಾನು ಕೆಲಸ ಮಾಡುವುದಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ದೊಡ್ಡಮ್ಮ ಹೋದಳು. ಎರಡು ದಿನ ಎದೆ ನೋವು ಅಂದಳು. ಮೂರನೇ ದಿನ ಇರಲಿಲ್ಲ. ಹನ್ನೊಂದನೇ ದಿನಕ್ಕೆ ಹಜಾರದ ತುಂಬ ಜನ. ಯಾರೂ ಕಾಲು ತೊಳೆದಿರಲಿಲ್ಲ. ಚಳಿ ಅಂತ ಯಾರೋ ಕಿಟಕಿ ಎಲ್ಲ ಎಳೆದು, ಜಾಲರಿಗೂ ಬಟ್ಟೆ ಸಿಕ್ಕಿಸಿದ್ದರು. ಗಾಜು ಬೆವರುತ್ತಿತ್ತು. ನಾನು ಎಲೆಯ ಮುಂದಿನಿಂದ ಎದ್ದು ಹೋಗಿ ಬಟ್ಟೆ ಕಿತ್ತು ಬಂದು ಕೂತೆ. ಯಾರೋ ಏನೋ ಬೈದರು.

ಹಪ್ಪಳ ಬಡಿಸಿದರು. ನೋಡಿದರೆ ಅಂಚಿನಲ್ಲಿ ತೂತು. ಬೇಸಿಗೆಯಲ್ಲಿ ಅವಳೇ ಒತ್ತಿಟ್ಟ ಡಬ್ಬದ್ದು. ಆ ಸಾಲಿನಲ್ಲಿ ಕೂತ ಎಲ್ಲರ ಎಲೆಯಲ್ಲೂ ತೂತಿನ ಹಪ್ಪಳ. ಬೇರೆ ಊರಿನವನೊಬ್ಬ ಎತ್ತಿ ಹಿಡಿದು ಆ ತೂತಿನಿಂದ ಪಕ್ಕದವನನ್ನು ನೋಡಿ ನಕ್ಕ. ನನಗೆ ತಿನ್ನಲಾಗಲಿಲ್ಲ... ಜೇಬಿನಲ್ಲಿ ಇಟ್ಟುಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ಪುಡಿಯಾಗಿತ್ತು. ಬೀದಿ ಎಂಟೇ ಅಡಿ.

ಮುಳಬಾಗಿಲಿನಿಂದ ಮಗಳು ಅಳಿಯ ಬಂದು ಈಗ ದೊಡ್ಡಪ್ಪನ ಜೊತೆ ಇದ್ದಾರೆ. ಹುಳ ಇಲ್ಲ. ಹಜಾರದಲ್ಲಿ ಸೋಫಾ ಇದೆ, ಟಿವಿ ಇದೆ.

ಮಾಲೂರಿನ ಆ ಮನೆಯಲ್ಲಿ ಕೈ ತೊಳೆದು ಎದ್ದು ಮೂರು ಪದರ ಪ್ಲಾಸ್ಟಿಕ್ ಕಿತ್ತು ಹಾಕಿದೆ. ಎದುರು ಬದುರಿನ ಕಿಟಕಿ ಎರಡು ಬೆರಳು ಸರಿಸಿದೆ. ಕುರ್ಚಿಯ ಮೇಲಿನ ಬಟ್ಟೆಯನ್ನು ಹೊರಗಿನ ಶೀಟಿನ ಕೆಳಗೆ ಹಾಕಿಸಿದೆ. ಆಮೇಲೆ ಆ ಅಮ್ಮನ ಹತ್ತಿರ ಒಂದು ಸುಟ್ಟ ಹಪ್ಪಳ ಮತ್ತು ದಾರ ಕೇಳಿದೆ. ಅವರ ಹಪ್ಪಳಕ್ಕೆ ತೂತು ಇರಲಿಲ್ಲ. ಬಟ್ಟೆಯ ಕ್ಲಿಪ್ಪು ಹಾಕಿ ಫ್ಯಾನಿಗೆ ತೂಗುಬಿಟ್ಟೆ.

“ಇದೇನು, ದೃಷ್ಟಿ ತೆಗೆಯೋದಾ?” ಅಂದರು ಮೇಷ್ಟ್ರು.

“ನಾಳೆ ಬೆಳಗ್ಗೆ ಮುರೀರಿ ಸಾರ್. ಟಕ್ ಅಂದ್ರೆ ನನ್ನ ಕಿಟಕಿ ಸರಿ ಇದೆ. ಬಾಗಿದ್ರೆ ಫೋನ್ ಮಾಡಿ, ಬಂದು ಕಿತ್ಕೊಂಡು ಹೋಗ್ತೀನಿ. ಫ್ಯಾನ್ ಮಾತ್ರ ಹಾಕ್ಬೇಡಿ.”

ಬೆಳಗ್ಗೆ ಏಳಕ್ಕೇ ಫೋನು ಬಂತು. “ಟಕ್ ಅಂತು ಕಣಯ್ಯ” ಅಂದರು. ಖುಷಿಯಾಗಿದ್ದರು. ಎರಡನೇದೂ ತೂಗುಹಾಕಿದ್ದೇವೆ ಅಂದರು.

ಫೋನಿಟ್ಟು, ಇದನ್ನು ದೊಡ್ಡಮ್ಮನಿಗೆ ಹೇಳಬೇಕು ಅಂತ ಬೀದಿಗೆ ಬಂದೆ. ಎರಡು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು. ಜಡಿ ಹಿಡಿದಿತ್ತು. ಎದುರು ಮನೆಯ ಜಗಲಿಯ ಆಚೆ, ಸೂರು ಕೂಡ ಇಲ್ಲದ ಕಡೆ, ಹಗ್ಗದ ಮೇಲೆ ದೊಡ್ಡಪ್ಪನ ಪಂಚೆ ತೊಟ್ಟಿಕ್ಕುತ್ತಿತ್ತು. ಅವರು ಕೆಳಗೆ ನಿಂತು ಅದನ್ನೇ ನೋಡುತ್ತಿದ್ದರು.

“ಒಳಗೆ ಹಾಕ್ಬಾರ್ದಾ ದೊಡ್ಡಪ್ಪ? ಈಗ ಯಾರು ಬೈತಾರೆ?”

“ಅದಕ್ಕೇ ಕಣೋ” ಅಂದರು.

ಇಷ್ಟೇ. ಇನ್ನು ನನ್ನ ಹತ್ತಿರ ಹೇಳುವುದು ಏನೂ ಇಲ್ಲ.